ಪೆಟ್ಟು ತಿಂದ ಹಳದಿ ಕನ್ನಡಕ

ಕೊಡಗಿನ ದೇಚಮ್ಮನ ಕಪಾಟಿನಲ್ಲೊಂದು ಹಳದಿ ಗಾಜಿನ ಕನ್ನಡಕವಿತ್ತು. ಹರೆಯದಲ್ಲಿ ಆಕೆ ಅದನ್ನು ತೊಟ್ಟೇ ಹಬ್ಬದ ಸ್ಪರ್ಧೆಯಲ್ಲಿ ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಿದ್ದಳು. ಒಮ್ಮೆ ಕೋವಿಯಿಂದ ಸಿಡಿದ ಚೂರು ಕಣ್ಣಿನತ್ತ ಹಾರಿದಾಗ ಕನ್ನಡಕವೇ ಪೆಟ್ಟು ತಿಂದು ಬಿರುಕು ಬಿಟ್ಟಿತ್ತು. ಅಂದಿನ ಮದ್ದಿನ ವಾಸನೆ, ಜನರ ಕೇಕೆ ನೆನೆಯುತ್ತಲೇ ಅದು ದಿನ ಕಳೆಯುತ್ತಿತ್ತು.

ಸೊಸೆ ಬೊಳ್ಳಮ್ಮ ಮೊದಲ ಸಲ ಅದೇ ಸ್ಪರ್ಧೆಗೆ ಹೊರಟ ದಿನ, ಪೇಟೆಯಿಂದ ತಂದ ಎರಡು ಕನ್ನಡಕಗಳು ಅದರ ಪಕ್ಕ ಕುಳಿತವು.

"ನನ್ನನ್ನು ತೊಟ್ಟವರನ್ನು ಊರೇ ತಿರುಗಿ ನೋಡುತ್ತದೆ," ಎಂದಿತು ತೆಳು ಗಾಜಿನ ಕಪ್ಪು ಕನ್ನಡಕ.

"ಪೆಟ್ಟು ಬಿದ್ದರೆ?" ಎಂದು ಹಳದಿ ಕೇಳಿತು.

"ನಾನು ಬಿಸಿಲಿಗಷ್ಟೇ."

ಇನ್ನೊಂದು, ದಪ್ಪ ಗಾಜಿನದು, ಮೆಲ್ಲಗೆ ಹೇಳಿತು: "ನಾನು ತಡೆಯಬಲ್ಲೆ. ಆದರೆ ಗುಂಡಿನ ಸದ್ದನ್ನೇ ಕೇಳಿದವನಲ್ಲ."

ದೇಚಮ್ಮ ಹಳದಿಯನ್ನೇ ಎತ್ತಿಕೊಂಡಳು. "ನನ್ನ ಕಣ್ಣು ಕಾಯ್ದದ್ದು ಇದು. ಇದನ್ನೇ ಹಾಕಿಕೊ, ಬೊಳ್ಳಮ್ಮ."

ಮತ್ತೊಮ್ಮೆ ಮೈದಾನ ಕಾಣುವ ಆಸೆಯಿಂದ ಹಳದಿಯ ಜೀವ ಕುಣಿಯಿತು. ಆದರೂ ಅದು ಹೇಳಿತು: "ಬೇಡ, ಅಮ್ಮ. ಒಮ್ಮೆ ಬಿರುಕು ಬಿಟ್ಟ ಗಾಜು ಇನ್ನೊಂದು ಪೆಟ್ಟು ತಾಳದು. ಆ ದಪ್ಪ ಗಾಜಿನವನನ್ನು ಕಳಿಸು."

ದೇಚಮ್ಮ ಸೊಸೆಗೆ ದಪ್ಪ ಗಾಜಿನದನ್ನು ತೊಡಿಸಿದಳು. ಹಳದಿಯನ್ನು ತಾನೇ ತೊಟ್ಟು, ಮೈದಾನದಂಚಿನ ದೂರದ ನೆರಳಿನಲ್ಲಿ ನೋಡುತ್ತ ಕುಳಿತಳು. ಸೊಸೆ ಕೋವಿ ಎತ್ತಿದಾಗ ದೇಚಮ್ಮ, ಹಳದಿ ಇಬ್ಬರೂ ಒಟ್ಟಿಗೇ ಉಸಿರು ಬಿಗಿಹಿಡಿದರು.