ಗಿರಿಜವ್ವನಿಗೆಂದು ಕೊಂಡ ಕಡಲ ಮನೆ

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಕೊಟ್ರಬಸಪ್ಪನ ಬಾಯಲ್ಲಿ ಸದಾ ಒಂದೇ ಮಾತು: "ಹಸಕೊಂಡು ಹೋಗಬ್ಯಾಡ್ರಿ, ಮನೀಗೆ ಬರ್ರಿ, ಉಂಡು ಹೋಗೀರಂತ." ಪೇಟೆಗೆ ಬಂದ ರೈತನಿರಲಿ, ಲಾರಿ ಡ್ರೈವರ್ ಇರಲಿ, ಎಲ್ಲಿಂದಲೋ ಬಂದ ದೂರದ ಬೀಗರಿರಲಿ, ಎಲ್ಲರಿಗೂ ಅದೇ ಕರೆ. ಕರೆಯುವುದು ಅವನು, ರೊಟ್ಟಿ ಬಡಿಯುವುದು ಹೆಂಡತಿ ಗಿರಿಜವ್ವ. ಊರೆಲ್ಲ ಕೊಟ್ರಬಸಪ್ಪನನ್ನು ಅನ್ನದಾನಿ ಎಂದು ಹೊಗಳಿತು. ಆ ಹೊಗಳಿಕೆ ಪಡಸಾಲೆಯಲ್ಲೇ ಉಳಿಯಿತು, ಒಲೆಯ ತನಕ ಹೋಗಲಿಲ್ಲ ನೋಡಿ.

ಹಾಗೆಂದು ಅವನು ಕೆಟ್ಟ ಗಂಡನೇನಲ್ಲ. ಹೆಂಡತಿಯೆಂದರೆ ಜೀವ. ಒಂದು ದಿನ ಗಿರಿಜವ್ವ ರೊಟ್ಟಿ ಬಡಿಯುತ್ತ ಬಡಿಯುತ್ತಲೇ ತಲೆ ಸುತ್ತಿ ಗೋಡೆಗೊರಗಿ ಕೂತುಬಿಟ್ಟಳು. ಡಾಕ್ಟರು ನೋಡಿ, "ಔಷಧ ಆಮೇಲಿನ ಮಾತು, ಸಾಹುಕಾರ್ರೇ. ಇವರಿಗೆ ಮೊದಲು ವಿಶ್ರಾಂತಿ ಬೇಕು. ಹೀಗೇ ದುಡಿದರೆ ಈ ಜೀವ ತಾಳೋದಿಲ್ಲ" ಎಂದರು. ಅವಳಿಲ್ಲದ ಮನೆಯನ್ನು ನೆನೆಸಿಕೊಳ್ಳಲೂ ಕೊಟ್ರಬಸಪ್ಪನಿಂದಾಗಲಿಲ್ಲ.

ವ್ಯಾಪಾರಿಯ ತಲೆ ಅಲ್ಲವೇ! ಏನು ಬೇಕಾದರೂ ಕೊಂಡು ತರಬಹುದು ಎಂದು ಅದಕ್ಕೆ ನಂಬಿಕೆ. ವಿಶ್ರಾಂತಿಯನ್ನೂ ಕೊಳ್ಳಲು ಹೊರಟ. ಅವನ ಮೆಣಸಿನಕಾಯಿ ಸ್ಪೇನ್ ದೇಶಕ್ಕೆ ಹೋಗುತ್ತಿತ್ತು. ವ್ಯಾಪಾರದ ಸಲುವಾಗಿ ಅಲ್ಲಿಗೆ ಹೋದಾಗ ಕಡಲ ದಂಡೆಯ ಒಂದು ಸಣ್ಣ ಊರು ಅವನ ಮನಸ್ಸಿಗೆ ಹಿಡಿಸಿತ್ತು. ಹಿತವಾದ ಬಿಸಿಲು, ಬೀದಿಯುದ್ದಕ್ಕೂ ಕಿತ್ತಳೆ ಮರ. ಮಧ್ಯಾಹ್ನವಾದರೆ ಸಾಕು, ಅಂಗಡಿಗಳ ಬಾಗಿಲು ಎಳೆದು ಊರಿಗೆ ಊರೇ ಮಲಗಿಬಿಡುತ್ತಿತ್ತು. ದಣಿದವರಿಗೆ ಇದಕ್ಕಿಂತ ಒಳ್ಳೇ ಜಾಗ ಎಲ್ಲಿ ಸಿಕ್ಕೀತು ಎಂದುಕೊಂಡು ಅಲ್ಲೊಂದು ಮನೆ ಕೊಂಡೇಬಿಟ್ಟ.

"ಗಿರಿಜಾ, ಇನ್ನ ವರ್ಷಕ್ಕ ಎರಡು ತಿಂಗಳು ಅಲ್ಲೇ ಇರೂಣು. ನೀ ಬರೇ ಕುಂತು ಸಮುದ್ರ ನೋಡಬೇಕು, ಅಷ್ಟ."

"ಬರೇ ಕುಂದ್ರೂದಾ? ಅದನ್ನ ಹೆಂಗ ಮಾಡ್ತಾರೋ ಏನೋ, ನನಗ ಗೊತ್ತಿಲ್ರೀ" ಎಂದು ಗಿರಿಜವ್ವ ನಕ್ಕಳು. ಆದರೆ ಅವಳ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಸಮುದ್ರದ ಮುಂದೆ ಉಟ್ಟುಕೊಳ್ಳಲೆಂದು ಎರಡು ಹೊಸ ಸೀರೆ ಕೂಡ ತೆಗೆದಿಟ್ಟಳು.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ನಾಲಿಗೆಗೆ ಎಲುಬಿಲ್ಲವಲ್ಲ! ಮನೆ ಕೊಂಡ ಸಂತೋಷಕ್ಕೆ ಕೊಟ್ರಬಸಪ್ಪ ಸಿಕ್ಕಸಿಕ್ಕವರಿಗೆಲ್ಲ, "ಸ್ಪೇನಿನಾಗ ನಮ್ಮದ ಮನಿ ಐತಿ, ಬರ್ರಿ" ಎಂದ. ಬೇರೆಯವರಾದರೆ ಬಾಯಿಮಾತಿನ ಕರೆ ಎಂದು ಬಿಡುತ್ತಿದ್ದರು. ನಮ್ಮವರು ಬಿಟ್ಟಾರೆಯೇ? ಗಂಡ ಹೆಂಡತಿ ಹೋಗಿ ಆ ಮನೆ ಸೇರಿ ವಾರವಾಗಿರಲಿಲ್ಲ, ಮೊದಲು ಅವನ ಅಕ್ಕ ಸಂಗವ್ವ ಮಗಳು ಅಳಿಯನ ಜೊತೆ ಬಂದಿಳಿದಳು. ಅವರು ಇರುವಾಗಲೇ ಬೀಗರು ಬಂದರು, ಅವರ ಹಿಂದೆ ಪೇಟೆಯ ಗೆಳೆಯರು ಸಂಸಾರ ಸಮೇತ ಬಂದರು. ಪೆಟ್ಟಿಗೆ ಬಿಚ್ಚಿದರೆ ಜೋಳದ ಹಿಟ್ಟು, ಶೇಂಗಾ ಚಟ್ನಿ, ದೊಡ್ಡದೊಂದು ಕುಕ್ಕರ್! "ಇಲ್ಲೀ ಊಟ ನಮಗ ಸೇರೂದಿಲ್ಲವ್ವಾ, ನಿನ್ನ ಕೈ ರೊಟ್ಟಿನ ಆಗಬೇಕು" ಎಂದಳು ಸಂಗವ್ವ.

ಊರೆಲ್ಲ ಮಲಗಿದ ಮಧ್ಯಾಹ್ನದಲ್ಲಿ ಆ ಒಂದು ಮನೆಯಿಂದ ಮಾತ್ರ ಕುಕ್ಕರಿನ ಸೀಟಿ ಕೇಳತೊಡಗಿತು. ಗಿರಿಜವ್ವ ಸಮುದ್ರ ನೋಡಿದ್ದು ಅಡುಗೆಮನೆಯ ಕಿಟಕಿಯಿಂದ. "ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು ಅಂತಾರಲ್ರೀ, ಹಂಗಾತು ನಂದು" ಎಂದಳೊಮ್ಮೆ, ನಗುತ್ತಲೇ. ಕೊಟ್ರಬಸಪ್ಪನೂ ನಕ್ಕುಬಿಟ್ಟ. ಅವಳ ಕಾಲು ಬಾತಿದ್ದು ಆ ಪುಣ್ಯಾತ್ಮನ ಕಣ್ಣಿಗೆ ಬೀಳಲಿಲ್ಲ.

ಪಕ್ಕದ ಮನೆಯಲ್ಲಿ ಮತೆಯೋ ಎಂಬ ಮುದುಕ, ಅವನ ಹೆಂಡತಿ ಪಿಲಾರ್ ಇದ್ದರು. ಆ ಸೀಮೆಯಲ್ಲಿ ಒಂದು ಪದ್ಧತಿ. ಭಾನುವಾರ ಗಂಡಸರು ಅಂಗಳದಲ್ಲಿ ಬೆಂಕಿ ಹೂಡಿ, ಅಗಲವಾದ ಕಬ್ಬಿಣದ ಬಾಣಲೆಯಲ್ಲಿ ಮನೆಮಂದಿಗೆಲ್ಲ ಅನ್ನ ಮಾಡುತ್ತಾರೆ. ಹೆಂಗಸರು ಆ ಹೊತ್ತು ಕುರ್ಚಿ ಹಾಕಿಕೊಂಡು ಮಾತಾಡುತ್ತ ಕೂರುತ್ತಾರೆ. ಒಂದು ಭಾನುವಾರ ಮತೆಯೋ ತನಗೆ ಬರುವ ಹರಕುಮುರುಕು ಇಂಗ್ಲಿಷಿನಲ್ಲಿ ಕೊಟ್ರಬಸಪ್ಪನನ್ನು ಊಟಕ್ಕೆ ಕರೆದ. "ನೀನು, ನಿನ್ನ ಹೆಂಡತಿ, ಇಬ್ಬರೂ ಬನ್ನಿ. ನೀವು ಮಾಂಸ ತಿನ್ನೋದಿಲ್ಲ ಅಂತ ಗೊತ್ತು, ಬೀನ್ಸ್, ಟೊಮ್ಯಾಟೊ ಹಾಕಿಯೇ ಮಾಡ್ತೀನಿ" ಎಂದ.

ಹೋದರು. ಅನ್ನ ಆಗುತ್ತಿದ್ದಂತೆ ಗಿರಿಜವ್ವ ರೂಢಿಯಂತೆ ತಾಟು ತರಲು ಎದ್ದಳು. ಪಿಲಾರ್ ಅವಳ ಹೆಗಲು ಹಿಡಿದು ಕೂರಿಸಿದಳು. ಮತ್ತೆ ಎದ್ದಳು, ಮತ್ತೆ ಕೂರಿಸಿದಳು. ಆಮೇಲೆ ಮತೆಯೋ ಹೊಗೆಯಾಡುವ ಅನ್ನದ ಮೊದಲ ತಾಟನ್ನು ತಂದು ಅವಳ ಕೈಗೇ ಕೊಟ್ಟ. ಗಿರಿಜವ್ವ ತಾಟನ್ನೇ ನೋಡುತ್ತ ಕೂತಳು. ಅವಳ ಕಣ್ಣಿಂದ ಪಟಪಟನೆ ನೀರು ಬಿತ್ತು.

"ಯಾಕ, ಗಿರಿಜಾ? ಮೈಯಾಗ ಆರಾಮಿಲ್ಲೇನು?" ಕೊಟ್ರಬಸಪ್ಪ ಗಾಬರಿಯಾದ.

"ಆರಾಮ ಅದೀನ್ರಿ. ಬಿಸಿ ಅನ್ನ ರೀ ಇದು! ನಾ ಕುಂತಲ್ಲೇ ಯಾರರೆ ಬಿಸಿ ಅನ್ನ ತಂದು ಕೊಟ್ಟು ಎಷ್ಟು ವರ್ಷ ಆತೋ. ನಮ್ಮವ್ವ ಹೋದ ಮ್ಯಾಲ ಇದ ಮೊದಲು."

ಅಷ್ಟು ಮಂದಿ ಉಂಡೆದ್ದ ಮನೆಯಲ್ಲಿ ಬಡಿಸಿದವಳೊಬ್ಬಳು ಮಾತ್ರ ಎಲ್ಲರ ಹಿಂದೆ, ಆರಿದ್ದನ್ನು ಉಂಡುಕೊಂಡು ಬಂದಿದ್ದಳು. ಕೊಟ್ರಬಸಪ್ಪ ಒಂದು ದಿನವಾದರೂ ತಿರುಗಿ ನೋಡಿದ್ದನೇ? ನಾಚಿಕೆಯಿಂದ ಅವನ ತಲೆ ಮೇಲೇಳಲಿಲ್ಲ.

ಮರುದಿನ ಬೆಳಿಗ್ಗೆ ಅವನೇ ಅಡುಗೆಮನೆ ಹೊಕ್ಕ. ಸೊಂಟಕ್ಕೆ ಟವೆಲ್ ಸುತ್ತಿ ಒಲೆ ಹಚ್ಚಿದ. ಸಂಗವ್ವ ಓಡಿ ಬಂದಳು.

"ಅಯ್ಯ ಶಿವನ! ನೀ ಒಲೀ ಮುಂದ ನಿಂತೀಯಲ್ಲೋ ತಮ್ಮಾ! ಗಿರಿಜಾಗ ಏನಾತು?"

"ಏನೂ ಆಗಬಾರದು ಅಂತನ ನಿಂತೀನಿ, ಅಕ್ಕಾ. ಕರದಾಂವ ನಾನು, ಮಾಡಿ ಹಾಕಾಂವನೂ ನಾನ. ನೀ ಉಳ್ಳಾಗಡ್ಡಿ ಹೆಚ್ಚು. ಅಳಿಯಂದ್ರು ತಾಟು ತೊಳೀಲಿ."

ಸಂಗವ್ವ ಗೊಣಗಿದಳು. ಗೊಣಗುತ್ತಲೇ ಚಾಕು ಹುಡುಕಿಕೊಂಡಳು. ಉಪ್ಪಿಟ್ಟು ಮುದ್ದೆಯಂತಾಗಿತ್ತು, ಆದರೂ ಬೀಗರು ಕಮಕ್ ಕಿಮಕ್ ಎನ್ನದೆ ತಿಂದರು. ಮೊದಲ ತಾಟನ್ನು ಕೊಟ್ರಬಸಪ್ಪ ಸಮುದ್ರದ ಕಡೆಯ ಕಟ್ಟೆಯ ಮೇಲೆ ಕೂತಿದ್ದ ಗಿರಿಜವ್ವನಿಗೆ ಒಯ್ದು ಕೊಟ್ಟ.

ಅವಳು ಎರಡು ತುತ್ತು ತಿಂದು, "ಉಪ್ಪ ಹಾಕಿಲ್ಲ" ಎಂದು ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು, "ಊರಿಗೆ ಹೋದ ಮ್ಯಾಲೂ ಹಿಂಗ ಮಾಡ್ತೀರೇನ್ರಿ?"

"ಮಾಡ್ತೀನಿ. ನಿನ್ನಾಣೆ ಮಾಡ್ತೀನಿ."

"ಹಂಗಾರ ಬ್ಯಾಡಗಿ ಮನ್ಯಾಗನ ಮಾಡಬಹುದಿತ್ತಲ್ರೀ. ಇದಕ್ಕ ಇಷ್ಟು ದೂರ ಬಂದು ಮನಿ ಯಾಕ ಕೊಂಡ್ರಿ?"

ಅವಳು ಉತ್ತರಕ್ಕೆ ಕಾಯಲಿಲ್ಲ. ಎಳೆ ಬಿಸಿಲಿಗೆ ಕೂತಲ್ಲೇ ಅವಳ ಕಣ್ಣು ಮುಚ್ಚಿಕೊಂಡವು. ಕೊಟ್ರಬಸಪ್ಪ ಸದ್ದಾಗದಂತೆ ಅವಳ ಕೈಯಿಂದ ತಾಟು ಬಿಡಿಸಿಕೊಂಡು ತೊಳೆಯಲು ಹೋದ.

ನೀತಿ: ನಮ್ಮವರ ದಣಿವು ಊರು ಬದಲಿಸಿದರೆ ಹೋಗುವುದಿಲ್ಲ, ಅವರ ಕೆಲಸಕ್ಕೆ ನಾವು ಕೈ ಜೋಡಿಸಿದರೆ ಹೋಗುತ್ತದೆ. ಹತ್ತು ಮಂದಿಯನ್ನು ಉಣ್ಣಲು ಕರೆಯುವವನು, ಬಡಿಸುವವಳು ಉಂಡಳೇ ಎಂದು ಮೊದಲು ಕೇಳಲಿ.