ಚೆನ್ನಾಜಿಯ ಮೀಟುಗೋಲು

ಹೂಂ, ಕಾಲು ಒಳಗೆ ಎಳ್ಕೋ, ಕೌದಿ ಹೊದ್ಕೋ. ನಾನು ಹೇಳ್ತಾ ಹೋಗ್ತೀನಿ, ನೀನು ಹೂಂಗುಡ್ತಾ ಹೋಗು. ಹೂಂ ನಿಂತ್ರೆ ನನ್ನ ಬಾಯೂ ನಿಲ್ಲುತ್ತೆ, ಆಮೇಲೆ ಅಜ್ಜಿ ಪೂರ್ತಿ ಹೇಳಲಿಲ್ಲ ಅಂತ ಬೆಳಿಗ್ಗೆ ಎದ್ದು ರಚ್ಚೆ ಹಿಡೀಬೇಡ.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಮೂಡದ ಕಾಲದಲ್ಲಿ, ನಂಜಾಚಾರಿ ಅಂತ ಒಬ್ಬ ಬಡಗಿ ಇದ್ನಂತೆ. ಮಿಕ್ಕ ಬಡಗಿಗಳೆಲ್ಲ ಮನೆ ಕಟ್ಟಿದ್ರೆ ಇವನು ಮನೆ ಬಿಚ್ತಿದ್ನಂತೆ. ಹಳೇ ಮನೆ ತೆಗೆಯೋವಾಗ ತೊಲೆ, ಕಂಬ, ಅಟ್ಟದ ಹಲಗೆ ಒಂದೂ ಸೀಳದ ಹಾಗೆ ಮೊಳೆ ಕಿತ್ತು, ಕಿತ್ತ ಮೊಳೇನೂ ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡಿ ಮನೆಯವರ ಕೈಗೆ ಕೊಡ್ತಿದ್ನಂತೆ. ಕಟ್ಟೋನಿಗಾದ್ರೆ ಗೃಹಪ್ರವೇಶದ ದಿನ ಪಂಚೆ, ಶಲ್ಯ, ಹೋಳಿಗೆ ಊಟ. ಕೀಳೋನಿಗೆ ಯಾರು ಹೋಳಿಗೆ ಹಾಕ್ತಾರೆ? ಹಂಗಾಗಿ ಬಡವನಾಗೇ ಇದ್ನಂತೆ.

ಅವನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡೋಳು ದೇವೀರಿ, ಚಿಕ್ಕೋಳು ಚೆನ್ನಾಜಿ. ಚೆನ್ನಾಜೀನ ಹೆತ್ತ ಗಳಿಗೇಲೇ ಅವರವ್ವ ಕಣ್ಣು ಮುಚ್ಚಿದಳಂತೆ. ಆಮೇಲೆ ಏಳು ವರ್ಷದ ದೇವೀರೀನೇ ಆ ಕೂಸನ್ನ ಸೊಂಟಕ್ಕೆ ಹಾಕ್ಕೊಂಡು, ಅಂಬಲಿ ಕುಡಿಸಿ, ಹೇನು ಹೆಕ್ಕಿ, ಜಡೆ ಹಾಕಿ ದೊಡ್ಡೋಳು ಮಾಡಿದ್ಲಂತೆ. ಚೆನ್ನಾಜಿಗೆ ಅವ್ವ ಅಂದ್ರೂ ಅವಳೇ, ಅಕ್ಕ ಅಂದ್ರೂ ಅವಳೇ.

ಆಮೇಲೆ ದೇವೀರೀನ ಪಕ್ಕದೂರಿನ ಗಾಡಿ ಮಾಡೋ ಆಚಾರಿಗಳ ಮನೆಗೆ ಕೊಟ್ರಂತೆ. ಗಂಡನ ಹೆಸರು ಲಿಂಗಾಚಾರಿ. ಕೆಲವು ವರ್ಷ ಕಳೆದ ಮೇಲೆ ಚೆನ್ನಾಜೀನೂ ಮದುವೆ ವಯಸ್ಸಿಗೆ ಬಂದ್ಲು, ಅಕ್ಕನ ಮನೆಗೇ ಕೊಟ್ರೆ ಕೊಡಿ, ಇಲ್ಲದಿದ್ರೆ ನಾನು ಹಸೆಗೆ ಕೂರೋಳೇ ಅಲ್ಲ ಅಂತ ಹಟ ಹಿಡಿದ್ಲಂತೆ. ಸರಿ, ಲಿಂಗಾಚಾರಿ ತಮ್ಮ ಮೋನಾಚಾರಿಗೇ ಧಾರೆ ಎರೆದ್ರಂತೆ. ಬಂಗಾರ ಹಾಕೋಕೆ ಅಪ್ಪನ ಹತ್ತಿರ ಏನಿತ್ತು, ಮಣ್ಣು? ಮೊಳದುದ್ದದ ಒಂದು ಕಬ್ಬಿಣದ ಮೀಟುಗೋಲನ್ನ ಮಡಿಲಕ್ಕಿ ಜೊತೆ ಕಟ್ಟಿ ಕಳಿಸಿದ್ನಂತೆ. ತುದಿ ಬಾಗಿ, ಚಪ್ಪಟೆಯಾಗಿ, ಆಡಿನ ಗೊರಸಿನ ಹಾಗೆ ಸೀಳಿದ್ದ ಕೋಲು ಅದು. ಗಂಡನ ಮನೆ ಹೆಂಗಸರು ಸೆರಗು ಬಾಯಿಗಿಟ್ಕೊಂಡು, ಮನೆ ತುಂಬೋಕೆ ಬಂದ ಸೊಸೆ ಮನೆ ಕೀಳೋ ಕೋಲು ತಂದವ್ಳೆ ಕಣ್ರೇ ಅಂತ ನಕ್ಕರಂತೆ. ನಗಲಿ ಬಿಡು, ನಗೋರ ಹಲ್ಲು ಬಿದ್ದೋಗಲ್ಲ.

ಅಪ್ಪ ಕೋಲು ಕೊಡೋವಾಗ ಎರಡು ಮಾತು ಹೇಳಿದ್ನಂತೆ. ಒಂದು, ತುಕ್ಕು ಹಿಡಿದ ಮೊಳೇನ ಒಂದೇ ಸಲ ಎಳೆಯೋಕೆ ಹೋಗಬೇಡ ಮಗಳೇ, ಮೊದಲು ಕೂದಲೆಳೆಯಷ್ಟು ಒಳಕ್ಕೇ ಹೊಡಿ, ಆಗ ಅದು ಹಿಡಿದ ಪಟ್ಟು ಬಿಡುತ್ತೆ. ಎರಡು, ಕೋಲಿನ ಕೆಳಗೆ ಒಂದು ಮರದ ಚೂರು ಒತ್ತು ಕೊಡು, ಇಲ್ಲಾಂದ್ರೆ ಮೊಳೆ ಬರುತ್ತೆ, ಹಲಗೆ ಮೈಗೆ ಗಾಯ ಆಗುತ್ತೆ. ಇಷ್ಟೇ ಅವನ ವಿದ್ಯೆ. ಹೂಂ ಅನ್ನು.

ಆಮೇಲೆ ಒಂದು ವರ್ಷ ಅಕ್ಕ ತಂಗಿ ಒಂದೇ ಒರಳಲ್ಲಿ ರುಬ್ಬಿ, ಒಂದೇ ಒಲೇಲಿ ಬೇಯಿಸಿ ಸುಖವಾಗಿದ್ರಂತೆ. ಅಷ್ಟರಲ್ಲಿ ಒಂದಿನ ಗಾಡಿ ಕೊಳ್ಳೋಕೆ ಯಾರೋ ದೊಡ್ಡ ಕುಳ ಬಂದ. ಅವನೆದುರಿಗೆ ಮೋನಾಚಾರಿ, ಅಣ್ಣಾ ಈ ಚಕ್ರದ ಮರ ಇನ್ನೂ ಒಣಗಿಲ್ಲ ಅಂದ. ಲಿಂಗಾಚಾರಿ ಧಿಮಾಕಲ್ಲಿ, ಸುಮ್ನಿರೋ, ನಿಂಗೇನು ಗೊತ್ತು ಅಂದ. ಅಷ್ಟೇ ನೋಡು. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಮೋನಾಚಾರಿ ಕೈಲಿದ್ದ ಉಳಿ ಬಿಸಾಕಿ, ನನ್ನ ಪಾಲು ನಂಗೆ ಕೊಡು ಅಂದ್ನಂತೆ. ಸಂಜೆಯೊಳಗೆ ಮನೆ ಎರಡಾಯ್ತು.

ಮನೆಗೆ ಬೀದಿ ಕಡೆ ಎರಡು ಬಾಗಿಲಿತ್ತು, ತಲೆಗೊಂದಾಯ್ತು. ನಡುಮನೇಲಿ ಒಂದು ಬಾಗಿಲು, ಸತ್ತುಹೋದ ಅವರಪ್ಪ ಹಲಸಿನ ಮರದಲ್ಲಿ ಗಿಣಿ, ಬಳ್ಳಿ ಕೆತ್ತಿ ಕೂರಿಸಿದ್ದು. ಅದನ್ನ ಮುಚ್ಚಿ ಲಿಂಗಾಚಾರಿ ಮೇಲೆ ಒಂದು ಮೊಳೆ ಜಡಿದ, ಗೇಣುದ್ದದ್ದು. ಮೋನಾಚಾರಿ ನಾನೇನು ಕಮ್ಮಿ ಅಂತ ನಡುವೆ ಒಂದು ಜಡಿದ. ಆಮೇಲೆ, ಕೇಳು, ಅವರವ್ವ ಕಾಳಮ್ಮ ಎದ್ದು ಬಂದು, ಒಂದು ಮಾತೂ ಆಡದೆ, ಬಾಗಿಲ ಬುಡದ ಪಟ್ಟಿಗೆ ಮೂರನೇ ಮೊಳೆ ಇಟ್ಟು, ಕೆಳಗಿನ ಹೊಸಿಲಿಗೆ ಇಳಿಯೋ ಹಾಗೆ ಗುಂಡುಕಲ್ಲಲ್ಲಿ ಕುಟ್ಟಿ ಕುಟ್ಟಿ ಅದರ ತಲೇನೇ ಮರದೊಳಕ್ಕೆ ಹೂತುಬಿಟ್ಲಂತೆ. ಮುದುಕಿಗೆ ಹುಚ್ಚು ಹಿಡೀತು ಅಂತ ಎಲ್ಲರೂ ಅಂದ್ಕೊಂಡ್ರು. ಮೂರು ಮೊಳೆಯೂ ಇದ್ದಿದ್ದು ಚೆನ್ನಾಜಿ ಕಡೆಗೇ.

ಆ ಆಚಾರಿಗಳಲ್ಲಿ ಒಂದು ಕಟ್ಟು ಇತ್ತಂತೆ, ಒಬ್ಬರು ಹೊಡೆದ ಮೊಳೇನ ಅವರು ಬಾಯಿಬಿಟ್ಟು ಕೀಳು ಅನ್ನದೆ ಇನ್ನೊಬ್ಬರು ಕೀಳಬಾರದು, ಕಿತ್ರೆ ಕೈಯಲ್ಲಿ ಕಸುಬು ನಿಲ್ಲಲ್ಲ ಅಂತ. ಬೀದಿ ಸುತ್ತಿ ಹೋಗೋಣ ಅಂದ್ರೆ ಗಂಡಸರಿಬ್ಬರೂ ಆಣೆ ಇಟ್ಟಿದ್ರು, ಆ ಹೊಸಿಲು ತುಳಿದ್ರೆ ನನ್ನ ಹೆಣ ತುಳಿದ ಹಾಗೆ ಅಂತ. ಅತ್ತೆ ಮಾತ್ರ ಇತ್ತ ಒಂದಿನ ಅತ್ತ ಒಂದಿನ ಉಣ್ಣೋಳು, ಮಿಕ್ಕಂತೆ ಬೀದಿ ಜಗಲಿ ಮೇಲೆ ಕೂತಿರೋಳು, ಬಾಯಿ ಬಿಟ್ರೆ ಕೇಳು.

ಇಂಥಾ ಹೊತ್ತಲ್ಲಿ, ಎಷ್ಟೋ ವರ್ಷ ಮಕ್ಕಳಿಲ್ಲದ ದೇವೀರಿ ಬಸುರಾದ್ಲಂತೆ. ಚೆನ್ನಾಜಿಗೆ ಆ ಸುದ್ದಿ ತಿಳಿದದ್ದು ಬಾವಿಕಟ್ಟೆ ಹೆಂಗಸರಿಂದ. ದಿನ ಹತ್ತಿರ ಬಂದ ಹಾಗೆ, ಮಧ್ಯಾಹ್ನ ಬಾಗಿಲಿಗೆ ಕೆನ್ನೆ ಕೊಟ್ಟು ಅಕ್ಕಾ ಅಂದ್ರೆ ಆಚೆಯಿಂದ ಸಣ್ಣ ದನಿ ಬರೋದು. ಚೆನ್ನಿ, ಅವ್ವನ್ನ ನೋಡಿದ್ದೀನಿ ಕಣೇ, ಹೆರೋಕೆ ಹೋದೋಳು ಎದ್ದು ಬರಲೇ ಇಲ್ಲ. ನಂಗೆ ಭಯ. ನೀನು ಪಕ್ಕದಲ್ಲಿರಬೇಕು ಅಂತಿದ್ಲಂತೆ. ಆ ಮಾತು ಕೇಳಿ ಚೆನ್ನಾಜಿಗೆ ಅನ್ನ ಇಳೀಲಿಲ್ಲ. ದಿನ ತುಂಬೋದ್ರೊಳಗೆ ಈ ಬಾಗಿಲು ತೆಗೀಬೇಕು, ಮಾವ ಕೆತ್ತಿದ ಒಂದು ಗಿಣಿಯ ಕೊಕ್ಕೂ ಮುರೀಬಾರದು ಅಂತ ಮೀಟುಗೋಲನ್ನ ಎತ್ಕೊಂಡ್ಲಂತೆ.

ಮೊದಲು ಹೋಗಿದ್ದು ಲಿಂಗಾಚಾರಿ ಹತ್ತಿರ. ಬೀದೀಲಿ ಹೊಂಗೆ ಮರದ ಕೆಳಗೆ ಚಕ್ರ ಕೆತ್ತುತಾ ಕೂತಿದ್ದ. ಅವಳು ಕೀಳು ಅನ್ನಿ ಅಂತ ಕೇಳ್ತಾಳೆ ಅಂತ ಅವನು ಮುಖ ಗಂಟು ಹಾಕ್ಕೊಂಡ. ಇವಳು, ಭಾವ, ನೀವು ಮೊಳೆ ಹೊಡೆದದ್ದು ಸರಿಯಾಗೇ ಇದೆ, ಒಂದು ಸಾಲದು, ಇನ್ನೂ ನಾಲ್ಕು ಹೊಡೀರಿ ಅಂದ್ಲಂತೆ. ಅವನು ಹೂಂ ಅಂದ. ನಿಮ್ಮ ತಮ್ಮನ ಮುಂಗೋಪ ನಂಗೊತ್ತಿಲ್ವ ಅಂದ್ಲು. ಅವನು ಇನ್ನೊಂದು ಸಲ ಹೂಂ ಅಂದ, ಸಣ್ಣಗೆ. ಸಾಲದ್ದಕ್ಕೆ ಕೈಲಿ ಕೆಲಸಾನೂ ಇಲ್ಲ, ಒಂದು ಗೂಟ ನೆಟ್ಟಗೆ ಕೆತ್ತೋಕೆ ಬರಲ್ಲ, ಶುದ್ಧ ದಂಡಪಿಂಡ ಅಂದ್ಲು ನೋಡು, ಲಿಂಗಾಚಾರಿ ಕೆತ್ತುತಿದ್ದ ಬಾಚೀನ ಕೆಳಗೆ ಬಿಸಾಕಿ ಎದ್ದೇಬಿಟ್ನಂತೆ. ಏಯ್, ಯಾರನ್ನ ದಂಡಪಿಂಡ ಅಂತೀಯೆ? ಹತ್ತು ವರ್ಷದ ಹುಡುಗ ಆಗಿದ್ದಾಗ್ಲೇ ಗಾಡಿಗೆ ಮೂಕಿಮರ ಕೂರಿಸಿದೋನು ಅವನು! ನಾನೇ ಹೇಳಿಕೊಟ್ಟಿದ್ದು! ಅವನು ಮರ ಹಸಿ ಅಂದ್ರೆ ಹಸೀನೇ, ಆ ಚಕ್ರ ತಿಂಗಳಿಗೇ ಸೀಳ್ತು ಗೊತ್ತಾ ಅಂತ ಕೂಗಾಡಿ, ಕೂಗಾಡಿ, ಕಡೆಗೆ ತಾನೇನು ಅಂದೆ ಅಂತ ತನಗೇ ಕೇಳಿಸಿ ಕೂತ್ಕೊಂಡ್ನಂತೆ. ಬಿಸಾಕಿದ ಬಾಚಿ ಎತ್ಕೊಂಡು, ನಂದು ಕಿತ್ಕೋ ಹೋಗು ಅಂದ.

ಚೆನ್ನಾಜಿ ಮನೆಗೆ ಓಡಿ ಬಂದು, ಮೇಲಿನ ಮೊಳೆ ತಲೆಗೆ ಸುತ್ತಿಗೇಲಿ ಮೆಲ್ಲಗೆ ಒಂದು ಕೊಟ್ಲು, ತುಕ್ಕು ಉದುರಿತು. ಕೋಲಿನ ಗೊರಸನ್ನ ಮೊಳೆ ತಲೆಗೆ ಕೊಟ್ಟು ಒತ್ತಿದ್ಲು, ಕಿರ್ರ್ ಅಂತ ಎದ್ದು ಬಂತು.

ಆಮೇಲೆ ಗಂಡನ ಸರದಿ. ಅದೇ ಉಪಾಯ ಮಾಡೋಣ ಅಂತ, ಇನ್ನೂ ನಾಲ್ಕು ಹೊಡೀರಿ ಅಂದ್ಲು. ಅವನು ಹೂಂ, ನಾಳೆ ಹೊಡೀತೀನಿ ಅಂದ. ಆಯ್ತಲ್ಲ ಉಪಾಯ! ಎರಡು ದಿನ ಅವಳು ಗಂಡನ್ನ ನೋಡ್ತಾನೇ ಇದ್ಲಂತೆ. ಅಣ್ಣನ ಮನೆ ಕಡೆ ಕೆಮ್ಮು ಕೇಳಿದ್ರೆ ಇವನ ಕೈ ನಿಲ್ಲೋದು. ಇವನಿಗೆ ಕೋಪ ಎಲ್ಲಿದೆ, ಇರೋದು ನಾಚಿಕೆ, ಊರು ಏನಂದೀತು ಅಂತ. ಅದು ಅವಳಿಗೆ ಅರ್ಥವಾಯ್ತು. ಮೂರನೇ ದಿನ ಅವನನ್ನ ಬಾಗಿಲ ಹತ್ತಿರ ಕರೆದು, ನೋಡಿ, ನಿಮ್ಮ ಮೊಳೆ ತುಕ್ಕು ಇಳಿದು ಗಿಣಿ ರೆಕ್ಕೆ ಕಪ್ಪಾಗ್ತಿದೆ, ಮಾವನ ಕೈಕೆಲಸ ಹಾಳಾಗ್ತಿದೆ, ಯಾರಿಗೋಸ್ಕರಾನೂ ಬೇಡ, ಬಾಗಿಲಿಗೋಸ್ಕರ ತೆಗೀಬೇಕಲ್ವ ಅಂದ್ಲು. ಮೋನಾಚಾರಿ ಮುಖ ಅರಳಿ, ಹೌದು ಹೌದು, ಬಾಗಿಲಿಗೋಸ್ಕರ, ಯಾರಾದ್ರೂ ಕೇಳಿದ್ರೆ ಹಂಗೇ ಹೇಳು ಅಂದ್ನಂತೆ. ಅವಳು ಕೆತ್ತನೆ ಮೇಲೆ ಮರದ ಚೂರು ಒತ್ತು ಕೊಟ್ಟು ನಡುವಿನ ಮೊಳೇನೂ ಎಬ್ಬಿಸಿದ್ಲು. ನಿದ್ದೆ ಬಂತಾ? ಇಲ್ಲ ತಾನೆ? ಇನ್ನೊಂದೇ ಮೊಳೆ.

ಆ ಮೊಳೆ ಬಂದದ್ದೇ ತಡ, ಆಚೆಯಿಂದ ದೇವೀರಿ ಅವ್ವಾ ಅಂತ ನರಳಿದ್ದು ಕೇಳಿಸ್ತಂತೆ. ಹಟ್ಟಿ ಸೂಲಗಿತ್ತಿ ಬಂದಿದ್ದಾಳೆ, ಆದ್ರೆ ದೇವೀರಿ ಗೋಡೆಗೆ ಮುಖ ಮಾಡಿ, ಚೆನ್ನಿ ಬರದೆ ನಾನು ಮಲಗಲ್ಲ ಅಂತ ಹಟ. ಚೆನ್ನಾಜಿ ನೆಲಕ್ಕೆ ಬಗ್ಗಿ ಮೂರನೇ ಮೊಳೆ ಮುಟ್ಟಿ ನೋಡಿದ್ರೆ, ಹಿಡಿಯೋಕೆ ತಲೆಯೇ ಇಲ್ಲ. ಒಳಕ್ಕೆ ಹೊಡಿ ಅಂತ ಹೇಳಿದ ಅಪ್ಪ, ಆಗಲೇ ಪೂರ್ತಿ ಒಳಗಿರೋದಕ್ಕೆ ಏನು ಮಾಡಬೇಕು ಅಂತ ಹೇಳಿರಲಿಲ್ಲ. ಕೋಲು ಅಲ್ಲೇ ಬಿಟ್ಟು ಜಗಲಿಗೆ ಓಡಿ ಅತ್ತೆ ಕಾಲು ಹಿಡ್ಕೊಂಡ್ಲಂತೆ. ಯಾವ ಉಪಾಯವೂ ಹೊಳೀಲಿಲ್ಲ ಪಾಪ, ಸುಮ್ನೆ ಕೇಳಿದ್ಲು. ಅತ್ತೆಮ್ಮಾ, ನೀವ್ಯಾಕೆ ಹೊಡೆದ್ರಿ?

ಕಾಳಮ್ಮ ಸೊಸೆ ಮುಖ ನೋಡಿದ್ಲು. ಆಮೇಲೆ ಅಂದ್ಲಂತೆ, ಅವರಿಬ್ಬರೂ ಹೊಡೆದಾದ ಮೇಲೆ ಇಬ್ಬರೂ ನನ್ನ ಕಡೆ ತಿರುಗಿದ್ರು ಕಣವ್ವ, ನೀನು ಯಾರ ಕಡೆ ಅಂತ. ನಾನು ಇಬ್ಬರನ್ನೂ ಹೆತ್ತೋಳು. ಯಾರ ಕಡೆ ಅನ್ನಲಿ? ನಾನು ಯಾರ ಕಡೆಯೂ ಅಲ್ಲ ಅಂತ ಹೊಡೆದೆ. ಯಾಕೆ ಹೊಡೆದೆ ಅಂತ ಇವತ್ತಿನ ತನಕ ಒಬ್ಬರೂ ಕೇಳಲಿಲ್ಲ. ಅಂದೋಳೇ ಸೆರಗಲ್ಲಿ ಕಣ್ಣೊರೆಸ್ಕೊಂಡು ಎದ್ಲು. ಎದ್ದು ಬೀದೀಲಿ ನಿಂತು ಮಕ್ಕಳನ್ನ ಚಿಕ್ಕವರಿದ್ದಾಗ ಕರೀತಿದ್ದ ಹಾಗೆ ಕೂಗಿದ್ಲಂತೆ. ಲಿಂಗಾ! ಹಾರೆ ತಗೊಂಡು ನಿನ್ನ ಕಡೆ ನಿಲ್ಲು. ಮೋನಾ! ನಿನ್ನ ಹೆಂಡ್ತಿ ಕೋಲು ತಗೊಂಡು ಈ ಕಡೆ ನಿಲ್ಲು. ಮೊಳೆ ಮುಟ್ಟಬೇಡಿ, ಬಾಗಿಲೆತ್ತಿ.

ಹಳೇ ಬಾಗಿಲಿಗೆ ಈಗಿನ ಹಾಗೆ ಚೌಕಟ್ಟಿಗೆ ಹಿಡಿದಿರೋ ಕಬ್ಬಿಣದ ಕೀಲು ಇರ್ತಿರಲಿಲ್ಲ ಮಗ. ಮೇಲೊಂದು ಗೂಟ, ಕೆಳಗೊಂದು ಗೂಟ, ಗೂಟ ಕುಳೀಲಿ ಕೂತು ತಿರುಗೋದು. ಕಾಳಮ್ಮ ತನ್ನ ಮಕ್ಕಳಿಗೆ ಅಂದ್ಲಂತೆ, ನಿಮ್ಮಪ್ಪ ಮೇಲೆ ನಾಲ್ಕು ಬೆರಳು ಸಂದು ಬಿಟ್ಟಿದ್ರು, ಕೂರಿಸೋವಾಗ ಬೆಣೆ ಹಿಡಿದೋಳು ನಾನು. ಬಾಗಿಲು ನೆಟ್ಟಗೆ ಮೇಲೆದ್ರೆ ಮೊಳೆ ಅದರ ಜೊತೆಗೇ ಹೊಸಿಲು ಬಿಟ್ಟು ಬರುತ್ತೆ. ಆದ್ರೆ ಎರಡೂ ಕಡೆ ಒಟ್ಟಿಗೇ ಎತ್ತಬೇಕು, ಒಂದು ಕಡೆ ಎತ್ತಿದ್ರೆ ಸೀಳುತ್ತೆ.

ಒಟ್ಟಿಗೆ ಎತ್ತಬೇಕು ಅಂದ್ರೆ ಒಬ್ಬ ಕೂಗಬೇಕು, ಇನ್ನೊಬ್ಬ ಓಗೊಡಬೇಕು. ಇಬ್ಬರಿಗೂ ವರ್ಷದಿಂದ ಮಾತಿಲ್ಲ. ಆಚೆ ಲಿಂಗಾಚಾರಿ ಹಾರೆ ಕೊಟ್ಟು ನಿಂತ, ಈಚೆ ಮೋನಾಚಾರಿ ಮೀಟುಗೋಲು ಕೊಟ್ಟು ನಿಂತ. ಒಳಗೆ ದೇವೀರಿ ಇನ್ನೊಂದು ಸಲ ನರಳಿದ್ಲು. ಆಗ ಬಾಗಿಲಾಚೆಯಿಂದ ಸಣ್ಣಗೆ, ಮೋನಾ, ಐಸಾ ಅಂತ ಬಂತಂತೆ. ಇವನು ಕೋಲಿಗೆ ಭುಜ ಕೊಟ್ಟು, ಬಂದೇ ಅಣ್ಣಾ, ಐಸಾ ಅಂದ. ಇನ್ನೊಂದು ಐಸಾಗೆ ಬಾಗಿಲು ಎರಡು ಬೆರಳು ಎದ್ದಿತು. ಮೂರನೇದಕ್ಕೆ ಮೊಳೆ ಹೊಸಿಲು ಬಿಡ್ತು. ಇಬ್ಬರೂ ಕೋಲು ಬಿಟ್ಟು, ಕುಳಿಯಿಂದ ಎದ್ದ ಬಾಗಿಲನ್ನ ಕೈಯಲ್ಲೇ ಹಿಡ್ಕೊಂಡು ಒಂದು ಪಕ್ಕಕ್ಕೆ ಓರೆ ಮಾಡಿದ್ರು. ಇನ್ನೂ ಒಂದಾಳು ಸರಿಯಾಗಿ ತೂರೋಷ್ಟು ಜಾಗ ಆಗಿರಲಿಲ್ಲ, ಚೆನ್ನಾಜಿ ಸೀರೆ ಹರಿದ್ರೂ ನೋಡದೆ ಆ ಸಂದೀಲೇ ನುಗ್ಗಿದ್ಲಂತೆ. ಬಂದ್ಯೇನೇ ಅಂದ್ಲು ದೇವೀರಿ. ಬಂದೆ ಕಣಕ್ಕ ಅಂದ್ಲು ಚೆನ್ನಾಜಿ. ಅವಳ ತಲೇನ ತೊಡೆ ಮೇಲಿಟ್ಕೊಂಡು ಕೂತ್ಲು.

ಇತ್ತ ಅಣ್ಣ ತಮ್ಮ ಬಾಗಿಲು ಹಿಡ್ಕೊಂಡು ನಿಂತೇ ಇದ್ರಂತೆ. ಇಳಿಸು ಅಂತ ಯಾರೂ ಹೇಳಲಿಲ್ಲ. ಅಣ್ಣ ಹೇಳಲಿ ಅಂತ ತಮ್ಮ, ತಮ್ಮ ಸುಸ್ತಾದ್ರೆ ಹೇಳ್ತಾನೆ ಅಂತ ಅಣ್ಣ. ಬೆವರು ಇಳೀತಿದೆ, ನಿನ್ನ ಕಡೆ ಭಾರ ಆಯ್ತೇನೋ ಅಂತ ಒಬ್ಬ, ಇಲ್ಲ ಅಣ್ಣ ನಿನ್ನ ಕಡೇನೇ ಜಾಸ್ತಿ ಅಂತ ಇನ್ನೊಬ್ಬ. ಹಂಗೇ ಬಹಳ ಹೊತ್ತು ನಿಂತಿದ್ದಾಗ ಒಳಗಿಂದ ಕೂಸು ಅತ್ತಿತು. ಹಿಂದೇನೇ ದೇವೀರಿ ನೀರು ಕೇಳಿದ ದನೀನೂ ಬಂತು. ಎದ್ದು ಕೂತು, ಚೆನ್ನಿ ನೀರು ಕೊಡೇ ಅಂದ್ಲಂತೆ. ಲಿಂಗಾಚಾರಿ ಅಲ್ಲೇ ನಿಂತಲ್ಲೇ ಅತ್ತುಬಿಟ್ಟ. ಅವನು ಕಣ್ಣೊರೆಸ್ಕೊಳ್ಳಲಿ ಅಂತ ಮೋನಾಚಾರಿ ಅಷ್ಟು ಭಾರದ ಬಾಗಿಲನ್ನ ಒಬ್ಬನೇ ತಗೊಂಡು ಗೋಡೆಗೆ ಒರಗಿಸಿದ್ನಂತೆ.

ಕಾಳಮ್ಮ ಕೂಸನ್ನ ಎತ್ಕೊಂಡು ಬಂದು ಬರಿದಾದ ಆ ಬಾಗಿಲ ಹೊಸಿಲಿನ ಮೇಲೆ, ಸರಿಯಾಗಿ ನಡುವೆ, ಕಾಲು ಚಾಚಿ ಕೂತ್ಲು. ಅವತ್ತು ಎರಡು ಕಡೆಯಿಂದಲೂ ಅವಳಿಗೆ ತಟ್ಟೆ ಬಂತು, ಎರಡರಲ್ಲೂ ಉಂಡ್ಲಂತೆ. ಕತೆ ಅವರ ಮನೇಲೇ ಉಳೀತು, ನಿದ್ದೆ ನಮ್ಮನೆಗೆ ಬಂತು. ಹೂಂ ಅನ್ನೋರೇ ಇಲ್ಲ. ಮಲಗು ಕಂದ.