ಕಣ್ಣು ಕುಕ್ಕುವ ದೀಪ

ನೂಲಿನ ಗಿರಣಿಯೊಂದರ ಉಗ್ರಾಣದಲ್ಲಿ ಒಬ್ಬ ಗುಮಾಸ್ತನಿದ್ದ. ರಾತ್ರಿಪಾಳಿಯವರ ಸೈಕಲ್ಲುಗಳಿಗೆ ಅಗ್ಗದ, ಪ್ರಖರವಾದ ದೀಪ ಆರಿಸುವ ಕೆಲಸವನ್ನು ಮ್ಯಾನೇಜರ್ ಪದ್ಮರಾಜಯ್ಯ ತಾವೇ ವಹಿಸಿಕೊಂಡಿದ್ದರು. ಒಂದೊಂದು ದೀಪವನ್ನೂ ತಮ್ಮ ಮುಖಕ್ಕೇ ಹಿಡಿದು ನೋಡಿ, ಕಣ್ಣು ಹೆಚ್ಚು ಕುಕ್ಕಿದ್ದನ್ನು ಒಪ್ಪಿದರು. ಗುಮಾಸ್ತ ಮರುಮಾತಿಲ್ಲದೆ ರುಜು ಹಾಕಿದ. ಹತ್ತು ದೀಪ ಬಂದವು. ಅವುಗಳಲ್ಲೊಂದನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋದ ರಾತ್ರಿಪಾಳಿಯ ತಿರಕಪ್ಪ ಕಾಲುವೆ ರಸ್ತೆಯ ಗುಂಡಿಗೆ ಬಿದ್ದ.

ತಿಂಗಳಾದ ಮೇಲೆ ಮ್ಯಾನೇಜರು ಮತ್ತೆ ಬಂದರು. "ಇನ್ನೂ ನಲವತ್ತು ತರಿಸೋಣ. ದೀಪ ಉತ್ತಮ ಅಂತ ಬರೆದು ರುಜು ಹಾಕಯ್ಯ."

"ಹಾಕ್ತೀನಿ ಸಾರ್. ಒಂದು ಸಲ ನೀವೇ ಈ ಸೈಕಲ್ ತಳ್ಳಿಕೊಂಡು ಉಗ್ರಾಣದ ಆ ತುದಿಗೆ ಹೋಗಿಬನ್ನಿ."

ಗುಮಾಸ್ತ ಬಾಗಿಲು ಮುಚ್ಚಿದ. ಕತ್ತಲಲ್ಲಿ ಸೈಕಲ್ಲಿನ ದೀಪ ಗೋಡೆಯನ್ನೂ ಸೂರನ್ನೂ ಝಗಮಗ ಬೆಳಗಿತು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಮ್ಯಾನೇಜರ ಕಾಲು ನೀರಿನ ಬಕೆಟ್ಟಿನೊಳಗಿತ್ತು.

"ಯಾವನಯ್ಯ ಇಲ್ಲಿ ಬಕೆಟ್ ಇಟ್ಟೋನು?"

"ಬಕೆಟ್ ಇಟ್ಟೋನು ನಾನೇ ಸಾರ್. ಕಾಲುವೆ ರಸ್ತೆಯ ಗುಂಡಿ ಮಾತ್ರ ನಾನು ತೋಡಿದ್ದಲ್ಲ."

ಆಮೇಲೆ ಅವನು ಇನ್ನೂ ಅಗ್ಗದ, ಮೇಲೆ ತಗಡಿನ ಮರೆಯಿದ್ದ ದೀಪವೊಂದನ್ನು ಕಟ್ಟಿದ. ಬೆಳಕೆಲ್ಲ ಕೆಳಗಿಳಿಯಿತು. ನೆಲ, ಬಕೆಟ್ಟು, ಒದ್ದೆ ಬೂಟು ಎಲ್ಲ ಕಂಡವು.

ಪದ್ಮರಾಜಯ್ಯ ಬೂಟು ಕೊಡವುತ್ತ ನಕ್ಕುಬಿಟ್ಟರು. "ಇಂಥದ್ದನ್ನೇ ತರಿಸು ಮಾರಾಯ. ಇಷ್ಟು ಬುದ್ಧಿ ಇದ್ದೋನು ಮೊದಲ ಸಲ ಯಾಕಯ್ಯ ಸುಮ್ಮನಿದ್ದೆ?"

ಗುಮಾಸ್ತ ಸೈಕಲ್ಲನ್ನು ಗೋಡೆಗೆ ಒರಗಿಸಿದ. ಅವರು ತಳ್ಳಿದ ಸೈಕಲ್ಲು ತಿರಕಪ್ಪನದು. ಮಂಡಿ ಮುರಿದ ಅವನು ಇನ್ನು ಸೈಕಲ್ ತುಳಿಯಲಾರ. ಆದರೂ ಗುಮಾಸ್ತ ಹೊಸ ದೀಪವನ್ನು ಅದರಿಂದ ಬಿಚ್ಚಲಿಲ್ಲ.